ಕಾಗದದಲ್ಲಿ ಅಕ್ಕನ ಹೆಸರಿರಲಿಲ್ಲ

2019ರ ನವೆಂಬರಿನ ಒಂದು ಭಾನುವಾರ, ಬಿಳೇಕಹಳ್ಳಿಯ ಒಳಗಿನ ಒಂದು ಸಂದಿಯಲ್ಲಿ, ಮೂರಂತಸ್ತಿನ ಮನೆಯ ಮೆಟ್ಟಿಲ ಮೇಲೆ ಕೂತು ನಾವು ಒಂದು ಕಾಗದ ಓದಿದೆವು. ಇಂಗ್ಲಿಷಿನಲ್ಲಿದ್ದ ಮೂರು ಹಾಳೆ. ಮೊದಲನೆಯದು ಛಾಪಾ ಕಾಗದ, ಉಳಿದೆರಡು ಬಿಳಿ ಹಾಳೆ. ಆಗಷ್ಟೇ ಬಿ.ಎ. ಪಾಸಾಗಿತ್ತು. ಇಂಗ್ಲಿಷ್ ಕಾಗದ ಹಿಡಿದು ಗಟ್ಟಿಯಾಗಿ ಓದಬಲ್ಲವರು ಅಲ್ಲಿಯವರೆಗೆ ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ. ಒಂದೊಂದು ಸಾಲು ಓದಿ ಒಂದೊಂದು ಸಾಲು ಕನ್ನಡದಲ್ಲಿ ಹೇಳಿದೆವು. ಲೀಸ್ ಹಣ ನಾಲ್ಕು ಲಕ್ಷ, ಮೂರು ವರ್ಷದ ವಾಯಿದೆ, ಬಾಡಿಗೆ ಇಲ್ಲ, ಕರೆಂಟು ಬಿಲ್ಲು ಇವರದೇ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಬಿಡುವಾಗ ಸುಣ್ಣ ಬಣ್ಣಕ್ಕೆ ಹಣ ಹಿಡಿಯುತ್ತಾರೆ.

ಅಕ್ಕ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು, ಕಂಕುಳಲ್ಲಿ ಮಗು. 'ಎಲ್ಲಾ ಸರಿಯಾಗೈತೇನೋ?' ಅಂದಳು.

'ಸರಿಯಾಗೈತಕ್ಕ' ಅಂದೆವು.

ಭಾವ ಸೈನು ಹಾಕಿದ. ಓನರ್ ಸೈನು ಹಾಕಿದರು. ಸಾಕ್ಷಿ ಬೇಕು ಅಂದರು, ನಾವೇ ಹಾಕಿದೆವು. ಡಿಗ್ರಿ ಮುಗಿಸಿದ ಕೈ ಹಾಕಿದ ಮೊದಲ ಸೈನು ಅದು. ಅಕ್ಕನಿಗೆ ಯಾರೂ ಸೈನು ಕೇಳಲಿಲ್ಲ. ಅವಳು ಒಳಗೆ ಹೋಗಿ ಎಲ್ಲರಿಗೂ ಟೀ ತಂದಳು.

ಮೂರು ಹಾಳೆಯಲ್ಲಿ ಎಲ್ಲೂ ಅವಳ ಹೆಸರಿರಲಿಲ್ಲ. ಓದಿದ ನಮಗೆ ಅದು ಕಾಣಲೇ ಇಲ್ಲ.

ನಾನು ಎನ್ನಬೇಕಾದ ಕಡೆಯೂ ನಾವು ಎಂದೇ ಬರೆಯುತ್ತಿದ್ದೇವೆ, ಓದುವ ಗೆಳೆಯರು ಇದನ್ನು ದೊಡ್ಡಸ್ತಿಕೆ ಅಂದುಕೊಳ್ಳಬಾರದು. ಆ ಬಿ.ಎ. ನಮ್ಮೊಬ್ಬರದಲ್ಲ. ಅಕ್ಕ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. 2008ರಲ್ಲಿ, ಹದಿನೆಂಟು ತುಂಬಿದ ಕೂಡಲೇ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಸೇರಿದಳು. ಕಾಲೇಜಿನ ಫೀಸು ಅವಳ ಓಟಿ ಹಣ. ಬಸ್ ಪಾಸು ಅವ್ವನ ಮನೆಗೆಲಸದ ಹಣ. ಪುಸ್ತಕ ಅಣ್ಣನದು. ಹೀಗೆ ಕೂಡಿಸಿದ ಡಿಗ್ರಿಗೆ ನಾನು ಎಂಬ ಹೆಸರು ಕಟ್ಟಲು ಬಾಯಿ ಬರುವುದಿಲ್ಲ. ಆ ತಪ್ಪು ಮಾತ್ರ ನಮ್ಮೊಬ್ಬರದೇ.

ಹಳ್ಳಿಯ ಮೇಷ್ಟ್ರುಗಳಿಗೆ ಲೀಸ್ ಅಂದರೆ ಏನೆಂದು ಹೇಳಬೇಕು. ನಿಮ್ಮ ಕಡೆ ಹೊಲ ಭೋಗ್ಯಕ್ಕೆ ಹಾಕುತ್ತಾರಲ್ಲ, ಬೆಂಗಳೂರಲ್ಲಿ ಮನೆ ಹಾಗೇ. ಒಂದೇ ಗಂಟು ಓನರ್ ಕೈಗೆ ಕೊಟ್ಟರೆ ಬಾಡಿಗೆ ಇಲ್ಲ. ವಾಯಿದೆ ಮುಗಿದ ದಿನ ಗಂಟು ವಾಪಸ್, ಮನೆ ಖಾಲಿ. ತಿಂಗಳ ಸಂಬಳದಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾದವರು ಇದ್ದದ್ದನ್ನೆಲ್ಲ ಒಟ್ಟು ಮಾಡಿ ಲೀಸಿಗೆ ಹೋಗುತ್ತಾರೆ. ಸೈಟು, ಮನೆ, ಖಾತೆ ಇಲ್ಲದ ಜನಕ್ಕೆ ಆ ಗಂಟೇ ಆಸ್ತಿ. ರಿಜಿಸ್ಟ್ರಿ ಇರುವುದಿಲ್ಲ. ಒಂದು ಬಾಂಡು, ಎರಡು ಸೈನು, ಅಷ್ಟೆ.

ಅಕ್ಕನ ನಾಲ್ಕು ಲಕ್ಷ ಹೀಗೆ ಹುಟ್ಟಿತು. ಒಂದು ಲಕ್ಷದ ಎಪ್ಪತ್ತು ಸಾವಿರ ಅವಳ ಪಿಎಫ್. ಎಪ್ಪತ್ತು ಸಾವಿರ ಚೀಟಿ ಎತ್ತಿದ್ದು. ಅರವತ್ತು ಸಾವಿರ ಅವಳ ಓಲೆ, ಸರ ಗಿರವಿ ಇಟ್ಟದ್ದು. ಉಳಿದ ಒಂದು ಲಕ್ಷ ಭಾವನದು.

ಪಿಎಫ್ ಎಂಬ ಎರಡಕ್ಷರದ ಬಗ್ಗೆ ಒಂದು ಮಾತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಮಾಲೀಕರು ಕಟ್ಟಿದ ಪಾಲನ್ನು ಕೆಲಸಗಾರರು 58 ವರ್ಷ ಆಗುವ ತನಕ ಮುಟ್ಟುವ ಹಾಗಿಲ್ಲ ಎಂದು. ಗಾರ್ಮೆಂಟ್ಸಿನಲ್ಲಿ ಯಾವ ಹೆಂಗಸು 58ರ ತನಕ ಮೆಷಿನ್ ತುಳಿಯುತ್ತಾಳೆ? ಕಣ್ಣು, ಸೊಂಟ ಅದಕ್ಕೂ ಮೊದಲೇ ಹೋಗಿರುತ್ತವೆ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣಾಳುಗಳು ಹೊಸೂರು ರಸ್ತೆಗೆ ಬಂದು ಕೂತರು. ಕರೆದವರು ಯಾರೂ ಇರಲಿಲ್ಲ, ದೊಡ್ಡ ಯೂನಿಯನ್ನಿನ ಬ್ಯಾನರೂ ಇರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಬಿತ್ತು. 19ರ ಸಂಜೆಗೆ ದೆಹಲಿ ನಿಯಮ ವಾಪಸ್ ತೆಗೆದುಕೊಂಡಿತು. ಅಕ್ಕ ಎರಡೂ ದಿನ ಅಲ್ಲಿದ್ದಳು. ಚಪ್ಪಲಿ ಕಳಕೊಂಡು ಬರಿಗಾಲಲ್ಲಿ ಬಂದು, 'ಮೋದಿ ಸರ್ಕಾರಾನೇ ಬಗ್ಗಿಸ್ಬಿಟ್ವಿ ಕಣೋ' ಅಂದಳು.

ದೆಹಲಿಯನ್ನು ಬಗ್ಗಿಸಿ ಉಳಿಸಿಕೊಂಡ ಹಣ ಅದು. 2019ರಲ್ಲಿ ಅದನ್ನು ಬಿಡಿಸಿಕೊಳ್ಳಲು ಕೆಲಸವನ್ನೇ ಬಿಟ್ಟು, ಎರಡು ತಿಂಗಳು ಮನೆಯಲ್ಲಿ ಕೂತು, ಆಮೇಲೆ ಬೇರೆ ಫ್ಯಾಕ್ಟರಿಗೆ ಹೊಸಬಳ ಹಾಗೆ ಸೇರಿದಳು. ಬಂದ ಹಣ ಅವಳ ಅಕೌಂಟಿನಿಂದ ಭಾವನ ಅಕೌಂಟಿಗೆ ಹೋಯಿತು, ಭಾವನ ಅಕೌಂಟಿನಿಂದ ಓನರಿಗೆ. 'ಗಂಡಸರ ಹೆಸರಲ್ಲಿದ್ರೆ ಓನರಿಗೆ ಧೈರ್ಯ' ಎಂದು ಭಾವ ಹೇಳಿದ. ನಮಗೂ ಸರಿ ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ಏನೂ ಅನ್ನಿಸಿರಲಿಲ್ಲ.

ಮನೆ ಹುಡುಕುವಾಗ ಇನ್ನೊಂದು ಕತೆ ನಡೆದಿತ್ತು. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡಿನ ಕೆಳಗೆ ನಿಂತು ಬೆಲ್ ಒತ್ತಿದ ನಮ್ಮವರಿಗೆಲ್ಲ ಗೊತ್ತು. 'ಯಾವ ಕಡೆ ಜನ ನೀವು?' ಎಂದು ಮೊದಲು. ಊರು ಕೇಳಿದಂತೆ ಕೇಳುತ್ತಾರೆ, ಕೇಳುವುದು ಊರಲ್ಲ. ನಾಲ್ಕು ಮನೆ ತಪ್ಪಿ ಹೋದ ಮೇಲೆ ಐದನೆಯದರಲ್ಲಿ ಭಾವ ಯಾವುದೋ ಮೇಲಿನ ಹೆಸರು ಹೇಳಿದ. ಅಂಬೇಡ್ಕರ್ ಫೋಟೋ ಬೀರುವಿನ ಬಾಗಿಲ ಒಳಮೈಗೆ ಅಂಟಿಕೊಂಡಿತು. ಬಟ್ಟೆ ತೆಗೆಯುವಾಗೆಲ್ಲ ಅಕ್ಕ ಒಂದು ಗಳಿಗೆ ಬಾಗಿಲು ಹಾಕದೆ ನಿಲ್ಲುತ್ತಿದ್ದಳು. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ ಎಂಬ ಷರತ್ತು ಒಂದು ನೆಪಕ್ಕೆ ಒದಗಿತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಕುಡಿತ, ಅನುಮಾನ, ಹೊಡೆತ. ಈ ಮೂರನ್ನೂ ಬಣ್ಣ ಹಚ್ಚಿ ಬರೆಯುವ ಕತೆಗಾರರು ಬೇಕಾದಷ್ಟು ಇದ್ದಾರೆ. ಅಕ್ಕ ತನ್ನ ಮೈಮೇಲಿನ ಗಾಯವನ್ನು ಕಾಗದದ ಮೇಲೆ ನೋಡಲು ಒಪ್ಪಿದ್ದು ಒಂದೇ ಕಡೆ, ಕೋರ್ಟಿನ ಅರ್ಜಿಯಲ್ಲಿ.

2022ರ ಜುಲೈ. ಫ್ಯಾಕ್ಟರಿಯಿಂದ ಬಂದು, ಪಕ್ಕದ ಮನೆಯಿಂದ ಮಗಳನ್ನು ಕರಕೊಂಡು, ಬಾಗಿಲಿಗೆ ಬಂದರೆ ಹೊಸ ಬೀಗ. ಗಂಡ ಫೋನ್ ಎತ್ತಲಿಲ್ಲ. ಒಳಗೆ ಮಗುವಿನ ಸ್ಕೂಲ್ ಬ್ಯಾಗು, ರೇಷನ್ ಕಾರ್ಡು, ನೆನೆಹಾಕಿದ ಅಕ್ಕಿ ಉದ್ದು. ಮೇಲಿನ ಮನೆಯ ಓನರಮ್ಮ ಒಂದು ಚೊಂಬು ನೀರು ಕೊಟ್ಟು, 'ಗಂಡ ಹೆಂಡ್ತಿ ಜಗಳ, ಬೆಳಗ್ಗೆ ಸರಿಹೋಗ್ತದೆ ಬಿಡಮ್ಮ' ಅಂದರು. ಅಕ್ಕ ಹತ್ತು ಗಂಟೆ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ನಾವು ಕಾಗದ ಓದಿದ ಅದೇ ಮೆಟ್ಟಿಲು.

ಆಮೇಲೆ ಅವ್ವನ ಮನೆಗೆ ಬಂದಳು.

ಅವ್ವನ ಮನೆ ಅಂದರೆ ಕಾಲೋನಿಯಲ್ಲಿ ಹನ್ನೆರಡಕ್ಕೆ ಹದಿನೆಂಟಡಿಯ ಒಂದು ಶೀಟಿನ ಕೋಣೆ. ಅಜ್ಜಿ ಕನಕಪುರದ ಕಡೆಯಿಂದ ಕೂಲಿಗೆ ಬಂದವಳು, ಬಿಳೇಕಹಳ್ಳಿಯ ಐಐಎಂ ಕಟ್ಟಡಗಳಿಗೆ ಕಲ್ಲು ಹೊತ್ತವಳು. 1983ರಲ್ಲಿ ಆ ಸಂಸ್ಥೆ ಇಲ್ಲಿಗೆ ಬಂತು. ದೋಶಿಯವರ ವಾಸ್ತುಶಿಲ್ಪ ಎಂದು ದೇಶ ವಿದೇಶದವರು ಬಂದು ಆ ಒರಟು ಕಲ್ಲಿನ ಗೋಡೆಗಳನ್ನು ಸವರಿ ನೋಡುತ್ತಾರೆ. ಕೆಲಸ ಮುಗಿದ ಮೇಲೆ ಅಜ್ಜಿ ಊರಿಗೆ ಹೋಗದೆ ಇಲ್ಲೇ ಉಳಿದಳು. ಕೋಣೆಯ ಹಕ್ಕುಪತ್ರ ಆಮೇಲೆ ಅಪ್ಪನ ಹೆಸರಿಗೆ ಬಂತು. ಅಪ್ಪ 2014ರಲ್ಲಿ ತೀರಿಕೊಂಡ. ಈಗ ಅಲ್ಲಿ ಅವ್ವ, ಅಣ್ಣ, ಅತ್ತಿಗೆ, ಅವರ ಎರಡು ಮಕ್ಕಳು, ನಾವು.

ಅಕ್ಕ ಮಗಳ ಜತೆ ಬಂದ ಮೂರನೇ ದಿನಕ್ಕೆ ಅತ್ತಿಗೆ ಪಾತ್ರೆ ಸದ್ದು ಮಾಡತೊಡಗಿದಳು. ಅತ್ತಿಗೆಯನ್ನು ಬಯ್ಯುವುದು ಸುಲಭ. ಎಂಟು ಜನ ಒಂದೇ ಕೋಣೆಯಲ್ಲಿ ಮಲಗುವುದನ್ನು ಬಲ್ಲವರು ಬಯ್ಯಲಾರರು. ಅಣ್ಣ, 'ಎಷ್ಟು ದಿನ ಇರ್ತೀಯಮ್ಮ?' ಅಂದ. ಮೆಲ್ಲಗೇ ಕೇಳಿದ. ಅಕ್ಕ ತಲೆ ತಗ್ಗಿಸಿ, 'ಒಂದು ವಾರ' ಅಂದಳು.

ನಾವು ಅಲ್ಲೇ ಇದ್ದೆವು. ಏಪ್ರಿಲ್ 14ರಂದು ಮೈಕಿನ ಮುಂದೆ ಪದ್ಯ ಓದುವವರು. ಹಿಂದೂ ಕೋಡ್ ಬಿಲ್ಲು ಹೆಣ್ಣಿಗೆ ಆಸ್ತಿಯ ಪಾಲನ್ನೂ ವಿಚ್ಛೇದನದ ಹಕ್ಕನ್ನೂ ಕೊಡಬೇಕೆಂದು ಬಾಬಾಸಾಹೇಬರು ಹಟ ಹಿಡಿದದ್ದು, ಅದು ಬಿದ್ದುಹೋದಾಗ 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟು ಹೊರಬಂದದ್ದು ಭಾಷಣದಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಅಪ್ಪ ಉಯಿಲು ಬರೆಯದೆ ಸತ್ತವನು. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಕೋಣೆಯಲ್ಲಿ ಅವ್ವ, ಅಕ್ಕ, ಅಣ್ಣ, ನಾವು, ನಾಲ್ವರಿಗೂ ಸಮಪಾಲು. ಇನ್ನೂರ ಹದಿನಾರು ಚದರಡಿಯಲ್ಲಿ ಅಕ್ಕನ ಪಾಲು ಐವತ್ತನಾಲ್ಕು. ಅವಳು ತನ್ನ ಐವತ್ತನಾಲ್ಕು ಚದರಡಿಯಲ್ಲಿ ಮಲಗಿದ್ದಳು, ನೆಂಟಳ ಹಾಗೆ. ಆ ಮಾತನ್ನು ಅಣ್ಣ ಆಡಲಿಲ್ಲ. ನಾವೂ ಆಡಲಿಲ್ಲ. ಆಡಿದ್ದರೆ ನಮ್ಮ ಐವತ್ತನಾಲ್ಕನ್ನೂ ಅಳೆಯಬೇಕಾಗುತ್ತಿತ್ತಲ್ಲ. ಇದನ್ನು ಬರೆಯಲು ನಮಗೆ ಎರಡು ವರ್ಷ ಬೇಕಾಯಿತು.

ಪೊಲೀಸ್ ಸ್ಟೇಷನ್ನಿಗೆ ಹೋದೆವು. ಯಾವುದೆಂದು ಬೇಡ. ಭಾವನನ್ನು ಕರೆಸಿದರು, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿದರು. 'ಮನೆ ಅವನ ಹೆಸರಲ್ಲೈತೆ, ಅವನು ಬೀಗ ಹಾಕ್ಕೊಂಡವ್ನೆ, ನಾವೇನಮ್ಮ ಮಾಡೋಣ' ಅಂದರು. ಡಿಗ್ರಿ ಮಾಡಿದ ನಮಗೂ ಆಗ ಅದು ಸರಿಯಾದ ಮಾತೆಂದೇ ತೋರಿತು. ಕಾಗದ ಅವನದಲ್ಲವೆ? ಸಾಕ್ಷಿ ನಾವೇ ಅಲ್ಲವೆ?

ಅದು ತಪ್ಪು ಎಂದು ಹೇಳಿದವರು ಲಾಯರಮ್ಮ. ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ಸಿಕ್ಕವರು. ಇದೂ ಅನೇಕರಿಗೆ ಗೊತ್ತಿಲ್ಲ: 1987ರ ಕಾಯ್ದೆಯಂತೆ ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವಕೀಲರ ನೆರವು ಪುಕ್ಕಟೆ, ವರಮಾನ ಎಷ್ಟೇ ಇರಲಿ. ಲಾಯರಮ್ಮ ನಮ್ಮ ಮೂರು ಹಾಳೆಯನ್ನು ತಿರುವಿಹಾಕಿ, 'ಇವಳು ಈ ಮನೆಯಲ್ಲಿ ಅವನ ಜತೆ ಸಂಸಾರ ಮಾಡಿದ್ದಾಳಾ?' ಎಂದು ಒಂದೇ ಪ್ರಶ್ನೆ ಕೇಳಿದರು. ಹೌದು ಅಂದೆವು. 'ಹಾಗಾದ್ರೆ ಹೆಸರು ಯಾರದಾದ್ರೂ ಇರಲಿ, ಇದು ಅವಳ ಮನೆ.'

ಕೌಟುಂಬಿಕ ಹಿಂಸೆಯ ವಿರುದ್ಧ 2005ರಲ್ಲಿ ಆದ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮು ಹೇಳುವುದು ಇಷ್ಟು: ಕೂಡಿ ಬಾಳಿದ ಮನೆಯಲ್ಲಿ ಹಕ್ಕು, ಒಡೆತನ, ಹಿತಾಸಕ್ತಿ ಏನೂ ಇಲ್ಲದಿದ್ದರೂ ಹೆಂಗಸಿಗೆ ಅಲ್ಲಿ ವಾಸಿಸುವ ಹಕ್ಕಿದೆ. ಸ್ವಂತ ಮನೆಯೇ ಆಗಬೇಕೆಂದಿಲ್ಲ, ಬಾಡಿಗೆಯದೂ ಆದೀತು. 19ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಗಂಡನಿಗೆ ಅವಳನ್ನು ಹೊರಹಾಕಬೇಡ ಎನ್ನಬಹುದು, ನೀನೇ ಹೊರಗೆ ನಡಿ ಎನ್ನಬಹುದು, ಆ ಮನೆಯನ್ನು ಮಾರಬೇಡ, ಅಡ ಇಡಬೇಡ, ಅದರಲ್ಲಿನ ನಿನ್ನ ಹಕ್ಕನ್ನು ಬಿಟ್ಟುಕೊಡಬೇಡ ಎನ್ನಬಹುದು. ಕೊನೆಯದು ನಮಗೆ ಬೇಕಾಗಿತ್ತು. ನವೆಂಬರಿಗೆ ಲೀಸ್ ಮುಗಿಯುತ್ತಿತ್ತು. ಭಾವ ಓನರ್ ಹತ್ತಿರ ಹೋಗಿ ಕೀ ಕೊಟ್ಟು ನಾಲ್ಕು ಲಕ್ಷ ಎಣಿಸಿಕೊಂಡು ನಡೆದಿದ್ದರೆ, ಮನೆಯೂ ಇಲ್ಲ, ಹಣವೂ ಇಲ್ಲ.

ಹಾಗೆಂದು ಕಾಯ್ದೆ ದೇವರಾಗಿ ಇಳಿದು ಬಂತೆಂದು ತಿಳಿಯಬೇಡಿ. ಜಾರಿಯಾದ ಎರಡೇ ತಿಂಗಳಿಗೆ, 2006ರ ಡಿಸೆಂಬರ್ 15ರಂದು, ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದರ ಕಾಲು ಮುರಿದಿತ್ತು. ಮನೆ ಗಂಡನದಾಗಿರಬೇಕು, ಇಲ್ಲವೆ ಅವನು ಬಾಡಿಗೆಗೆ ಹಿಡಿದದ್ದಾಗಿರಬೇಕು, ಇಲ್ಲವೆ ಅವನಿರುವ ಅವಿಭಕ್ತ ಕುಟುಂಬದ್ದಾಗಿರಬೇಕು. ಅತ್ತೆಯ ಸ್ವಂತ ಮನೆಯಾದರೆ ಸೊಸೆಗೆ ಜಾಗವಿಲ್ಲ ಎಂದಿತು. ಆಮೇಲೆ ಗಂಡಂದಿರಿಗೆ ದಾರಿ ಸಿಕ್ಕಿತು: ಮನೆಯನ್ನು ಅಪ್ಪ ಅಮ್ಮನ ಹೆಸರಿಗೆ ಮಾಡಿಬಿಡು. ಹದಿನಾಲ್ಕು ವರ್ಷ ಹೀಗೇ ನಡೆದು, 2020ರ ಅಕ್ಟೋಬರ್ 15ರಂದು ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಆ ತೀರ್ಪನ್ನು ತಪ್ಪೆಂದು ತೆಗೆದುಹಾಕಿದರು.

ಎರಡು ತಿಂಗಳಿಗೆ ಬಂದದ್ದು ನಮ್ಮ ಬೆಂಗಳೂರಿನದೇ ಕೇಸು. ಎಸ್. ವನಿತಾ ವಿರುದ್ಧ ಬೆಂಗಳೂರು ನಗರ ಜಿಲ್ಲಾಧಿಕಾರಿ ಎಂದು ಅದರ ಹೆಸರು. ಗಂಡ 2002ರಲ್ಲಿ ಕೊಂಡ ಆಸ್ತಿ 2006ರಲ್ಲಿ ಮಾರಾಟವಾಗಿ ಅವನ ಅಪ್ಪನ ಹೆಸರಿಗೆ ಹೋಯಿತು. 2010ರಲ್ಲಿ ಅಪ್ಪ ಅದನ್ನು ಅಮ್ಮನಿಗೆ ದಾನಪತ್ರ ಮಾಡಿದರು. ಅತ್ತೆ ಮಾವ ಹಿರಿಯ ನಾಗರಿಕರ 2007ರ ಕಾಯ್ದೆ ಹಿಡಿದು ಉಪವಿಭಾಗಾಧಿಕಾರಿ ಹತ್ತಿರ ಹೋಗಿ ಸೊಸೆಯನ್ನು ಖಾಲಿ ಮಾಡಿಸಿ ಎಂದರು. ಉಪವಿಭಾಗಾಧಿಕಾರಿ ಸರಿ ಎಂದರು, ಜಿಲ್ಲಾಧಿಕಾರಿ ಸರಿ ಎಂದರು, ಹೈಕೋರ್ಟೂ ಸರಿ ಎಂದಿತು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಸರಿಯಲ್ಲ ಎಂದಿತು. ಮುದುಕರನ್ನು ಕಾಯುವ ಕಾಯ್ದೆಯನ್ನು ಹೆಣ್ಣಿನ ವಾಸದ ಹಕ್ಕನ್ನು ಸುಟ್ಟುಹಾಕಲು ಬಳಸುವ ಹಾಗಿಲ್ಲ, ಎರಡನ್ನೂ ಕೂಡಿಸಿ ಓದಬೇಕು ಎಂದು. ಆದರೆ ಅಲ್ಲೂ ಆಕೆಗೆ ಮನೆ ಸಿಕ್ಕಲಿಲ್ಲ. ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಅರ್ಜಿ ಹಾಕಿಕೊಳ್ಳಲು ಒಂದು ವರ್ಷ ಸಿಕ್ಕಿತು, ಅಷ್ಟು ದಿನ ಯಾರೂ ಹೊರಹಾಕಬಾರದು ಎಂಬ ತಡೆ ಸಿಕ್ಕಿತು.

ನಮ್ಮ ಲಾಯರಮ್ಮ ಈ ಕತೆಯನ್ನು ಹೇಳಿ ಮುಗಿಸಿದಾಗ ಅಕ್ಕ ಕೇಳಿದ್ದು, 'ಅವರದ್ದು ಸ್ವಂತ ಮನೆ ಅಲ್ವಾ ಮೇಡಂ?' ಅದು ಸರಿಯಾದ ಪ್ರಶ್ನೆ. ಹೆಣ್ಣಿನ ಆಸ್ತಿಯ ಮಾತೆಲ್ಲ ಆಸ್ತಿ ಇದ್ದ ಮನೆಗಳಿಂದಲೇ ಶುರುವಾಗುತ್ತದೆ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಂಗಸರಿಗೆ ಕುಟುಂಬದ ಆಸ್ತಿಯಲ್ಲಿ ಪಾಲು ಕೊಡುವ ಕಾನೂನು ಮಾಡಿತ್ತು, ಹೆಮ್ಮೆಪಡಬೇಕಾದ್ದೇ. ನಮ್ಮ ಅಜ್ಜಿಗೆ ಯಾವುದರಲ್ಲಿ ಪಾಲು? ಅವಳಿಗೂ ಗಂಡನಿಗೂ ಬಿಡುಗಡೆ ಆದದ್ದು ಊರ ಕಟ್ಟೆಯ ಮೇಲೆ, ಕುಲದ ಯಜಮಾನರ ಮುಂದೆ. ತಾಳಿ ಬಿಚ್ಚಿಕೊಟ್ಟಳು, ಉಟ್ಟ ಸೀರೆಯಲ್ಲಿ ಹೊರಟಳು. ಬಿಡುಗಡೆ ನಮ್ಮಲ್ಲಿ ಯಾವತ್ತೂ ಕಷ್ಟವಿರಲಿಲ್ಲ. ಪದ್ಧತಿಯ ಪ್ರಕಾರ ಆಗುವ ಇಂಥ ಬಿಡುಗಡೆಯನ್ನು 1955ರ ವಿವಾಹ ಕಾಯ್ದೆಯೂ 29ನೇ ಕಲಮಿನಲ್ಲಿ ಹಾಗೇ ಬಿಟ್ಟಿದೆ. ಮೇಲುಜಾತಿಯ ಹೆಂಗಸರಿಗಿಲ್ಲದ ಸ್ವಾತಂತ್ರ್ಯ ನಮ್ಮ ಹೆಂಗಸರಿಗಿತ್ತು ಎಂದು ಬರೆಯುವವರಿದ್ದಾರೆ. ಇತ್ತು. ಸೀರೆಯೊಂದರ ಹೊರತು ಬೇರೇನನ್ನೂ ಒಯ್ಯದ ಸ್ವಾತಂತ್ರ್ಯ.

ಅರ್ಜಿಯ ಕೆಲಸ ಶುರುವಾಯಿತು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಯ ಮೊಟ್ಟೆ, ಗರ್ಭಿಣಿಯರ ಊಟ ನೋಡುವವರೇ ಹೊಡೆತ ತಿಂದವರ ವರದಿಯನ್ನೂ ಬರೆಯಬೇಕು. ಕೇಸು ನಡೆದದ್ದು ಟ್ರಾಫಿಕ್ ಕೋರ್ಟಿನಲ್ಲಿ. ನಗುವ ಮಾತಲ್ಲ, ಬೆಂಗಳೂರಿನಲ್ಲಿ ಇಂಥ ಕೇಸುಗಳನ್ನು ಸಂಚಾರಿ ನ್ಯಾಯಾಲಯದ ಮ್ಯಾಜಿಸ್ಟ್ರೇಟರೂ ನೋಡುತ್ತಾರೆ. ಹೆಲ್ಮೆಟ್ ಇಲ್ಲದವರೂ ಮನೆ ಇಲ್ಲದವರೂ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದೆವು. ಮೊದಲ ವಿಚಾರಣೆ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಎಂದು ಕಾಯ್ದೆಯೇ ಹೇಳುತ್ತದೆ. ಮಧ್ಯಂತರ ಆದೇಶ ಬಂದದ್ದು ಸೆಪ್ಟೆಂಬರಿನಲ್ಲಿ. ಪೂರ್ತಿ ತೀರ್ಮಾನ ಬರಲೇ ಇಲ್ಲ.

ಆದರೂ ಆ ಮಧ್ಯಂತರ ಆದೇಶವೇ ನಮಗೆ ಹಬ್ಬವಾಯಿತು. ಗಂಡ ಹೊಡೆಯಕೂಡದು, ಮನೆಗೆ ಬರಕೂಡದು, ಫ್ಯಾಕ್ಟರಿ ಗೇಟಿನ ಹತ್ತಿರ ನಿಲ್ಲಕೂಡದು. ಅಕ್ಕ ಮಗಳೊಂದಿಗೆ ಮನೆಯಲ್ಲಿರಬೇಕು. ಲೀಸ್ ಹಣವನ್ನು ಗಂಡ ವಾಪಸ್ ಪಡೆಯಕೂಡದು. ಮೀರಿದರೆ ಒಂದು ವರ್ಷದ ತನಕ ಜೈಲು, ಇಪ್ಪತ್ತು ಸಾವಿರದ ತನಕ ದಂಡ. ಆದೇಶದ ಪ್ರತಿ ಪುಕ್ಕಟೆ ಕೊಡಬೇಕೆಂದೂ ಕಾಯ್ದೆಯಲ್ಲಿದೆ, ಅದಕ್ಕೆ ಯಾರಿಗೂ ಟೀ ಕಾಸು ಕೊಡಬೇಡಿ. ಹಿಂದೆ ಬುದ್ಧಿ ಹೇಳಿ ಕಳಿಸಿದ್ದ ಸ್ಟೇಷನ್ನಿನಿಂದಲೇ ಒಬ್ಬ ಪೇದೆ ಬಂದು ನಿಂತ. ಬೀಗ ಒಡೆದೆವು. ನೆನೆಹಾಕಿದ ಅಕ್ಕಿ ಉದ್ದು ಎರಡು ತಿಂಗಳಲ್ಲಿ ಏನಾಗಿತ್ತೆಂದು ಬರೆಯುವುದು ಬೇಡ. ಅಕ್ಕ ಮೊದಲು ಆ ಪಾತ್ರೆ ತೊಳೆದಳು.

ಅವತ್ತು ರಾತ್ರಿ ನಾವು ಬೀಗದ ಮೇಲೆ ಒಂದು ಪದ್ಯ ಬರೆದು ಅವಳಿಗೆ ಓದಿ ಹೇಳಿದೆವು. ಕೇಳಿದಳು. 'ಚೆನ್ನಾಗೈತೆ. ಆ ಅಗ್ರಿಮೆಂಟ್ನ ಇಷ್ಟು ಹುಷಾರಾಗಿ ನೋಡಿದ್ದಿದ್ರೆ ಆಗಿತ್ತು' ಅಂದಳು. ಆ ಪದ್ಯವನ್ನು ಎಲ್ಲೂ ಅಚ್ಚು ಮಾಡಿಸಿಲ್ಲ.

ಬೀರುವಿನ ಒಳಗಿದ್ದ ಫೋಟೋವನ್ನು ಅಕ್ಕ ಹೊರಗೆ ತೆಗೆದು ಟಿವಿ ಮೇಲೆ ಇಟ್ಟಳು. ಮೊಳೆ ಹೊಡೆಯಲಿಲ್ಲ, ಷರತ್ತು ಮುರಿಯಲಿಲ್ಲ. ಓನರಮ್ಮ ನೀರಿನ ಬಿಲ್ಲಿಗೆ ಬಂದವರು ನೋಡಿದರು, ಏನೂ ಅನ್ನಲಿಲ್ಲ. ವಾರದಲ್ಲಿ ಓನರ್ ನಮ್ಮನ್ನು ಕರೆದು, 'ನೀವು ಮೊದಲೇ ಹೇಳಬೇಕಿತ್ತು' ಅಂದರು. ಅವರಿಗೆ ಫೋಟೋ ಬೇಕಿರಲಿಲ್ಲ, ಮೊದಲೇ ಸುದ್ದಿ ಮುಟ್ಟಿತ್ತು. ಮುಟ್ಟಿಸಿದವನು ಭಾವ. 'ಅವರು ಎಸ್ಸಿ ಜನ ಸಾರ್, ಖಾಲಿ ಮಾಡ್ಸಿ' ಎಂದು ಫೋನ್ ಮಾಡಿದ್ದನಂತೆ. ಅವರು! ಅವನೂ ನಾವೂ ಒಂದೇ ಜಾತಿ, ಅವನೂರಿನ ಕೇರಿಯೂ ನಮ್ಮೂರಿನ ಕೇರಿಯೂ ನೆಂಟರು. ಹೆಂಡತಿಯನ್ನು ಹೊರಹಾಕಲು ಒಬ್ಬ ಮನುಷ್ಯ ತನ್ನ ಜಾತಿಯನ್ನೇ ಅವಳ ಮೇಲೆ ಬಿಟ್ಟು ತಾನು ಅದರಿಂದ ಹೊರಗೆ ನಿಂತದ್ದನ್ನು ನಾವು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಗಂಡ ಬೇರೆ ಮನೆ ಮಾಡಿಕೊಡಲಿ, ಇಲ್ಲವೆ ಅದರ ಬಾಡಿಗೆ ಕಟ್ಟಲಿ ಎಂದು ಹೇಳುವ ಅವಕಾಶವೂ ಅದೇ 19ನೇ ಕಲಮಿನಲ್ಲಿದೆ, ಮೊದಲಿನ ಮನೆಯ ಮಟ್ಟದ್ದೇ ಆಗಿರಬೇಕು ಎಂದು. ಭಾವನ ವಕೀಲರು ಅದನ್ನೇ ಎತ್ತಿದರು. ಕಾಗದದಲ್ಲಿ ಸರಿ. ಗಂಡನಿಲ್ಲದ ಹೆಂಗಸು ಮಗುವಿನ ಕೈ ಹಿಡಿದು ಬಿಳೇಕಹಳ್ಳಿಯಲ್ಲೋ ಅರೆಕೆರೆಯಲ್ಲೋ ಟು-ಲೆಟ್ ಬೋರ್ಡಿನ ಕೆಳಗೆ ನಿಂತರೆ ಒಂದಲ್ಲ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಜನ, ಗಂಡ ಎಲ್ಲಿ. ಮೊದಲನೆಯದಕ್ಕೆ ಸುಳ್ಳು ಹೇಳಬಹುದು. ಲಾಯರಮ್ಮ ಇದನ್ನು ಕೋರ್ಟಿನಲ್ಲಿ ಹೇಳಿದರು. ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಡಿಸೆಂಬರಿನಲ್ಲಿ ಭಾವ ಸಿದ್ದಯ್ಯ ರಸ್ತೆಯ ಫ್ಯಾಮಿಲಿ ಕೋರ್ಟಿನಲ್ಲಿ ಡಿವೋರ್ಸಿಗೆ ಹಾಕಿದ. ಅಕ್ಕನಿಗೂ ಅವನು ಬೇಕಿರಲಿಲ್ಲ. 'ಕೊಟ್ಬಿಡ್ತೀನಿ, ಪೀಡೆ ಹೋಗ್ಲಿ' ಅಂದಳು. ತಡೆದವರು ಲಾಯರಮ್ಮ. ಅವರು ಹೇಳಿದ್ದನ್ನು ನಮಗೆ ತಿಳಿದ ಹಾಗೆ ಇಲ್ಲಿ ಬರೆಯುತ್ತೇವೆ, ಇದು ನಮ್ಮವರಿಗೆ ತಿಳಿಯಬೇಕಾದ ಮಾತು. ಆದೇಶ ಕೊಟ್ಟಿರುವುದು ವಾಸಿಸುವ ಹಕ್ಕನ್ನು, ಹಣದ ಮೇಲಿನ ಹಕ್ಕನ್ನಲ್ಲ. ಗಂಡ ಹೆಂಡಿರು ಕೂಡಿ ದುಡಿದದ್ದನ್ನು ಬೇರೆಯಾಗುವಾಗ ಸಮವಾಗಿ ಹಂಚುವ ಕಾನೂನು ನಮ್ಮ ದೇಶದಲ್ಲಿ ಗೋವಾ ಒಂದನ್ನು ಬಿಟ್ಟರೆ ಇಲ್ಲ. ಅಲ್ಲಿ ಪೋರ್ಚುಗೀಸರು ಬಿಟ್ಟುಹೋದ ಸಂಹಿತೆ ಇದೆ. ಉಳಿದ ಕಡೆ ಯಾರ ಹೆಸರಿನಲ್ಲಿದೆಯೋ ಅವರದು. ವಿವಾಹ ಕಾಯ್ದೆಯ 27ನೇ ಕಲಮು ಮದುವೆ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಉಡುಗೊರೆ ವಸ್ತುಗಳ ಮಾತಾಡುತ್ತದೆ, ಹನ್ನೊಂದು ವರ್ಷ ಮೆಷಿನ್ ತುಳಿದ ಪಿಎಫ್‌ನದಲ್ಲ. ಡಿವೋರ್ಸ್ ಆಗಿಹೋದ ಮೇಲೆ ವಾಸದ ಹಕ್ಕು ಇಷ್ಟೇ ಗಟ್ಟಿಯಾಗಿ ನಿಲ್ಲುತ್ತದೆಂದು ಯಾವ ವಕೀಲರೂ ಭರವಸೆ ಕೊಡಲಾರರು. ಆದ್ದರಿಂದ ಡಿವೋರ್ಸಿಗೆ ಮೊದಲು ಹಣ ಯಾರದೆಂದು ಇತ್ಯರ್ಥವಾಗಬೇಕು.

ಹಣ ಯಾರದು? ಬ್ಯಾಂಕಿನ ಸ್ಟೇಟ್ಮೆಂಟ್ ತೆಗೆಸಿದೆವು. ಪಿಎಫ್ ಜಮಾ ಆದದ್ದು, ಎರಡು ದಿನದ ಮೇಲೆ ಭಾವನ ಖಾತೆಗೆ ಹೋದದ್ದು, ಅದೇ ವಾರ ಓನರಿಗೆ ಹೋದದ್ದು, ಮೂರೂ ಒಂದರ ಕೆಳಗೊಂದು ಇದ್ದವು. ಗಿರವಿ ಅಂಗಡಿಯ ಚೀಟಿ ಅಕ್ಕನ ಹೆಸರಲ್ಲೇ ಇತ್ತು, ಅವ್ವ ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿದ್ದಳು. ಚೀಟಿ ಎತ್ತಿದ ಎಪ್ಪತ್ತು ಸಾವಿರಕ್ಕೆ ಮಾತ್ರ ಪುರಾವೆ ಇಲ್ಲ. ಚೀಟಿ ನಡೆಸುತ್ತಿದ್ದ ಹೆಂಗಸಿನ ನೋಟ್‌ಬುಕ್ಕಿನಲ್ಲಿ ಅಕ್ಕನ ಹೆಸರಿನ ಮುಂದೆ ಒಂದು ರೈಟ್ ಮಾರ್ಕು, ಅಷ್ಟೆ.

2024ರ ಫೆಬ್ರವರಿಯಲ್ಲಿ ಮಧ್ಯಸ್ಥರ ಮುಂದೆ ರಾಜಿಯಾಯಿತು. ಭಾವನಿಗೆ ಒಂದು ಲಕ್ಷ ಮೂವತ್ತು ಸಾವಿರ, ಅಕ್ಕನಿಗೆ ಎರಡು ಲಕ್ಷ ಎಪ್ಪತ್ತು ಸಾವಿರ. ಅವನು ಹಾಕಿದ್ದು ಒಂದು ಲಕ್ಷ. ಮೂವತ್ತು ಸಾವಿರ ಅವನ ಸೈನಿನ ಬೆಲೆ. ನಾವು ಕುದಿದೆವು, ಬೇಡ, ಕೊನೆತನಕ ನಡೆಸೋಣ ಎಂದೆವು. 'ಕೊನೆತನಕ ಅಂದ್ರೆ ಎಷ್ಟು ರಜಾ ಹಾಕ್ಬೇಕು, ಲೆಕ್ಕ ಹಾಕಿದ್ದೀಯಾ?' ಅಂದಳು. ತಾರೀಖಿಗೆ ಬಂದ ಪ್ರತಿ ದಿನವೂ ಅವಳ ಸಂಬಳ ಕಟ್ಟಾಗಿತ್ತು.

ಅವಳು ಹಟ ಹಿಡಿದದ್ದು ಒಂದಕ್ಕೆ. ಕೌಟುಂಬಿಕ ಹಿಂಸೆಯ ಕೇಸು ವಾಪಸ್ ತಗೊಂಡರೆ ಮಾತ್ರ ಸೈನು ಅಂತ ಭಾವ. ಹೊಸ ಅಗ್ರಿಮೆಂಟು ಅಕ್ಕನ ಹೆಸರಿಗೆ ಆಗುವ ತನಕ ವಾಪಸ್ ಇಲ್ಲ ಅಂತ ಅಕ್ಕ. ಆ ಆದೇಶ ಅವಳಾಗಿ ಬೇಡ ಅನ್ನುವ ತನಕ ನಿಲ್ಲುವಂಥದ್ದು, ಅಷ್ಟು ಅವಳಿಗೆ ತಿಳಿದಿತ್ತು. ಬಾಗಿಲು ಕಾಯುವ ನಾಯಿಯನ್ನು ಬಿಟ್ಟುಕೊಟ್ಟು ಆಮೇಲೆ ಬೀಗ ಕೊಳ್ಳಲು ಅಂಗಡಿಗೆ ಹೋಗುವಷ್ಟು ದಡ್ಡಿ ಅವಳಲ್ಲ.

ಓನರ್ ಒಪ್ಪಿದರು. ಇದ್ದಕ್ಕಿದ್ದಂತೆ ಜಾತಿ ಬಿಟ್ಟವರಲ್ಲ. ಲೀಸಿನ ನಾಲ್ಕು ಲಕ್ಷ ಅವರ ಕೈಯಲ್ಲಿರಲಿಲ್ಲ, ಮೂರನೇ ಅಂತಸ್ತಿನ ಗೋಡೆಯೊಳಗಿತ್ತು. ಅಕ್ಕ ಖಾಲಿ ಮಾಡಿದರೆ ಅಷ್ಟನ್ನೂ ಹೊಂದಿಸಬೇಕು, ಉಳಿದರೆ ಬರೀ ಒಂದು ಲಕ್ಷ ಮೂವತ್ತು. ಎರಡು ಲಕ್ಷ ಎಪ್ಪತ್ತು ಸಾವಿರ ಹಾಗೇ ಇರಲಿ, ಮೇಲೆ ತಿಂಗಳಿಗೆ ಮೂರು ಸಾವಿರ ಬಾಡಿಗೆ ಎಂದು ಮಾತಾಯಿತು. ಫೋಟೋ ಬಗ್ಗೆ ಯಾರೂ ಮಾತಾಡಲಿಲ್ಲ.

ಕಾಗದ ಮಾಡಿಸಲು ಬನ್ನೇರುಘಟ್ಟ ರಸ್ತೆಯ ಬದಿಯ ಒಂದು ಟೈಪಿಂಗ್ ಅಂಗಡಿಗೆ ಹೋದೆವು. ಕನ್ನಡದಲ್ಲೇ ಮಾಡಿ ಎಂದೆವು. ಹುಡುಗ ಅಕ್ಕನ ಹೆಸರು ಟೈಪು ಮಾಡಿ, ಕೇಳದೇನೇ ಮುಂದೆ 'ಕೋಂ' ಎಂದು ಹೊಡೆದು, 'ಯಜಮಾನ್ರ ಹೆಸ್ರು ಹೇಳೀಮ್ಮ' ಅಂದ. ನಮಗೆ ನೆತ್ತಿಗೇರಿತು. ಕೋಂ ತೆಗೀರಿ, ಅವಳ ಹೆಸರು ಸಾಕು, ಬೇಕಾದರೆ ಅವ್ವನ ಹೆಸರು ಹಾಕಿ ಎಂದು ಭಾಷಣವನ್ನೇ ಶುರುಮಾಡಿದೆವು. ಹುಡುಗ, ಆಧಾರಿನಲ್ಲಿ ಹೆಂಗಿದೆಯೋ ಹಂಗೇ ಹಾಕ್ಬೇಕು ಸಾರ್ ಎಂದ. ಆಧಾರಿನಲ್ಲಿ ಇನ್ನೂ ಗಂಡನ ಹೆಸರೇ ಇತ್ತು.

'ಹಾಕ್ಕೊಳ್ಲಿ ಬಿಡೋ. ಆಧಾರ್ ಆಮೇಲೆ ಬದಲಾಯಿಸೋಣ' ಅಂದಳು ಅಕ್ಕ. 'ಸೈನು ಮಾಡೋ ಜಾಗದಲ್ಲಿ ನನ್ನೆಸ್ರು ಐತಾ, ಅದನ್ನ ನೋಡು.'

ನೋಡಿದೆವು. ಮೊದಲ ಹಾಳೆಯಿಂದ ಕೊನೆ ಹಾಳೆ ತನಕ ಬೆರಳಿಟ್ಟು ಎರಡು ಸಲ ಓದಿದೆವು. ಏಳು ಕಡೆ ಇತ್ತು. ಅವಳು ಮೂರೂ ಹಾಳೆಯ ಕೆಳಗೆ ಸೈನು ಹಾಕಿ, ಸಾಕ್ಷಿಯ ಜಾಗಕ್ಕೆ ನಮ್ಮ ಕೈಗೆ ಪೆನ್ನು ಕೊಟ್ಟಳು. ಜೆರಾಕ್ಸ್ ನಾಲ್ಕು ಪ್ರತಿ ಮಾಡಿಸಿದಳು. ಒಂದು ಲಾಯರಮ್ಮನಿಗೆ, ಒಂದು ಅವ್ವನ ದೇವರ ಫೋಟೋ ಹಿಂದಕ್ಕೆ, ಒಂದು ಬೀರುವಿಗೆ. ನಾಲ್ಕನೆಯದು ಯಾಕೆ ಅಂದರೆ, 'ಇರ್ಲಿ' ಅಂದಳು. ಎರಡನೇ ಶಿಫ್ಟಿಗೆ ಹೊತ್ತಾಗಿತ್ತು. ಬೊಮ್ಮನಹಳ್ಳಿ ಕಡೆಯ ಶೇರ್ ಆಟೋ ಬಂತು, ಹತ್ತಿ ಹೋದಳು.